ಓಡುವಾಗ ನಕ್ಕ ಹುಡುಗಿ

ನವ್ಯಾ ಅಂತ ಒಬ್ಬಳು ಹುಡುಗಿ. ಹಾಸನದ ಕಡೆಯವಳು. ಬಿ.ಪಿ.ಎಡ್ ಮುಗಿಸಿ ಕೊಚ್ಚಿಯ ಒಂದು ಶಾಲೆಗೆ ಪಿ.ಟಿ. ಟೀಚರ್ ಆಗಿ ಈಗಷ್ಟೇ ಸೇರಿದ್ದಾಳೆ. ಇಲ್ಲಿನ ಕನ್ನಡದವರು ಸೇರಿ ಮಾಡುವ ಯುಗಾದಿ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದಳು. ನಾನು ಮೊನ್ನೆ ಮೊನ್ನೆವರೆಗೂ ಅದೇ ಕೆಲಸ ಮಾಡಿ ನಿವೃತ್ತಿಯಾದವಳು ಅಂತ ಯಾರೋ ಹೇಳಿದ್ದರು. ಕೋಸಂಬರಿ ಬಡಿಸೋ ಹೊತ್ತಿಗೆ ಪರಿಚಯ ಆಯ್ತು, ಹೋಳಿಗೆ ಬರೋ ಹೊತ್ತಿಗೆ ಪ್ರಶ್ನೆ ಬಂತು. "ಮೇಡಂ, ಮಕ್ಕಳಿಗೆ ಫಿಟ್‌ನೆಸ್‌ನ ಫನ್ ಆಗಿ ಹೇಳಿಕೊಡೋದು ಹೇಗೆ? ಒಂದೈದು ಟಿಪ್ಸ್ ಕೊಡ್ತೀರಾ?" ಬಾಯಲ್ಲಿ ಹೋಳಿಗೆ ಇತ್ತು, ಇಲ್ಲದಿದ್ದರೆ ಆ ಮಗುವನ್ನು ಅಲ್ಲೇ ಬೈದುಬಿಡುತ್ತಿದ್ದೆ.

ತಪ್ಪು ಅವಳದಲ್ಲ. ಐದು ಟಿಪ್ಸ್‌ನಲ್ಲಿ ಮುಗಿಯೋ ಕೆಲಸ ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆ. ಆ ಪ್ರಶ್ನೆಗೆ ಉತ್ತರ ಕಲಿಯೋಕೆ ನನಗೆ ಅರ್ಧ ನೌಕರಿ ಹಿಡಿಯಿತು, ಕಲಿಯೋಕೆ ಮುಂಚೆ ಒಬ್ಬಳು ಹುಡುಗಿಯನ್ನ ಹಾಳು ಮಾಡಿದೆ. ಅದನ್ನ ಬರೆದು ಕೊಡ್ತೀನಿ ನವ್ಯಾ, ಓದಿಕೋ.

ನನ್ನ ಹೆಸರು ಗಿರಿಜಾ. ಮಂಡ್ಯದವಳು. ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಕೆಲಸ, ಮೊದಲು ತಿರುವನಂತಪುರದಲ್ಲಿ, ಆಮೇಲೆ ಕೊಚ್ಚಿಯಲ್ಲಿ. ನಮ್ಮ ಮನೆಯವರು ಬ್ಯಾಂಕಿನವರು, ಅವರೂ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದರು. ಈಗ ಇಬ್ಬರೂ ತ್ರಿಪ್ಪುಣಿತ್ತುರದ ಫ್ಲ್ಯಾಟಿನಲ್ಲಿ ಇದ್ದೀವಿ. ಮಗಳ ಹತ್ತಿರ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಬರುತ್ತೆ. ಅದೂ ಒಂದು ಸಿಟ್ಟೇ, ಆದರೆ ಅದನ್ನ ಇಲ್ಲಿ ತರೋದಿಲ್ಲ.

ತಿರುವನಂತಪುರದಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಪ್ರಿನ್ಸಿಪಾಲರು ನನ್ನ ಕೈಗೆ ಎರಡು ಕೊಟ್ಟರು: ಒಂದು ಸೀಟಿ, ಇನ್ನೊಂದು ಗೇಟಿನ ಜವಾಬ್ದಾರಿ. ಬೆಳಗ್ಗೆ ಬೆಲ್ ಆದಮೇಲೆ ಬಂದವರನ್ನ ಹಿಡಿಯೋದು, ಗ್ರೌಂಡ್ ಸುತ್ತಿಸೋದು. ಯೂನಿಫಾರ್ಮ್ ಕೊಳೆಯಾ? ಎರಡು ಸುತ್ತು. ಪ್ರಾರ್ಥನೆಯಲ್ಲಿ ಮಾತಾಡಿದೆಯಾ? ಮೂರು. ಲೇಟಾ? ಐದು. ಹೋಂವರ್ಕ್ ಮಾಡದವರನ್ನೂ ಬೇರೆ ಟೀಚರುಗಳು ನನ್ನ ಹತ್ತಿರಕ್ಕೇ ಅಟ್ಟುತ್ತಿದ್ದರು, "ಇವನನ್ನ ಸ್ವಲ್ಪ ಓಡಿಸಿ ಮೇಡಂ" ಅಂತ. ನಾನೂ ಓಡಿಸಿದೆ. ನನ್ನನ್ನೂ ಹಾಗೇ ಓಡಿಸಿದ್ದರು, ನನ್ನ ಮೇಷ್ಟರನ್ನೂ ಅವರ ಮೇಷ್ಟರು ಹಾಗೇ ಓಡಿಸಿರಬೇಕು. ಓಟ ಕಲಿಸಬೇಕಾದವಳೇ ಓಟವನ್ನ ಬೆತ್ತದ ಹಾಗೆ ಬೀಸುತ್ತಾ ನಿಂತಿದ್ದೀನಲ್ಲ ಅಂತ ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಪಿ.ಟಿ. ಪೀರಿಯಡ್‌ಗೆ ಮಕ್ಕಳು ಹೊಟ್ಟೆನೋವು ಅಂತ ಚೀಟಿ ತಂದಾಗ ಮಾತ್ರ, ಈಗಿನ ಮಕ್ಕಳು ಸೋಮಾರಿಗಳು ಅಂತ ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಏನು ಬುದ್ಧಿವಂತಿಕೆ ನನ್ನದು!

ದೇವಿಕಾ ಎಂಟನೇ ಕ್ಲಾಸಿನವಳು. ಕಡ್ಡಿ ಹಾಗಿದ್ದಳು, ಎರಡು ಜಡೆ. ಆ ವರ್ಷ ಜೂನ್ ಮುಗಿಯೋ ಹೊತ್ತಿಗೆ ಲೇಟಾಗಿ ಬರೋಕೆ ಶುರು ಮಾಡಿದಳು. ವಾರಕ್ಕೆ ಒಂದು ದಿನ, ಆಮೇಲೆ ಎರಡು, ಆಮೇಲೆ ದಿನಾ. ಗೇಟಿನಲ್ಲಿ ನನ್ನ ಮುಂದೆ ಬಂದು ಚೀಲ ಇಟ್ಟು, ನಾನು ಬಾಯಿ ತೆರೆಯೋಕೆ ಮುಂಚೆ ಓಡೋಕೆ ಹೊರಟುಬಿಡುತ್ತಿದ್ದಳು. ಐದು ಸುತ್ತು ಅಂದರೆ ಐದು. ಉಳಿದ ಲೇಟಿನವರು ಕಾಲೆಳೆದುಕೊಂಡು, ಪೂರ್ವದ ಮೂಲೆಯ ಮರದ ಹಿಂದೆ ನಡೆದುಕೊಂಡು ಮೋಸ ಮಾಡುತ್ತಿದ್ದರು. ಇವಳು ಮರವನ್ನೂ ಸುತ್ತಿಕೊಂಡು ಬರುತ್ತಿದ್ದಳು. ಪಾದ ನೆಲಕ್ಕೆ ತಾಗಿತೋ ಇಲ್ಲವೋ ಅನ್ನೋ ಹಾಗೆ ಓಡುತ್ತಿದ್ದಳು. ಓಟದ ತರಬೇತಿ ಪಡೆದ ನಾನು ಅದನ್ನ ನೋಡಬೇಕಿತ್ತು, ನೋಡಲಿಲ್ಲ. ನಾನು ನೋಡಿದ್ದು ಅವಳ ಮುಖ. ಮೂರನೇ ಸುತ್ತಿನಲ್ಲಿ ಅವಳು ನಗುತ್ತಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ಇಡೀ ಶಾಲೆ ಪ್ರಾರ್ಥನೆಗೆ ನಿಂತಿದೆ, ಇವಳು ಶಿಕ್ಷೆಯಲ್ಲಿ ಹಲ್ಲು ಬಿಡುತ್ತಿದ್ದಾಳೆ. ಕೊಬ್ಬು ಅಂದುಕೊಂಡೆ. ನನ್ನನ್ನ ಆಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಕರೆದು ನಿಲ್ಲಿಸಿ, ಶಿಕ್ಷೆ ಕೊಟ್ಟರೆ ನಗ್ತೀಯಾ ಅಂತ ಎಲ್ಲರೆದುರು ಬೈದೆ. ಅವಳು ತಲೆ ತಗ್ಗಿಸಿದಳು. ನಾಳೆಯಿಂದ ನಿನಗೆ ಓಟ ಇಲ್ಲ, ಲೇಟಾಗಿ ಬಂದರೆ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತು 'ನಾನು ಸಮಯಕ್ಕೆ ಸರಿಯಾಗಿ ಬರುತ್ತೇನೆ' ಅಂತ ನೂರು ಸಲ ಇಂಗ್ಲಿಷಿನಲ್ಲಿ ಬರೆಯಬೇಕು ಅಂದೆ. ಒಂದೇ ದಿನ ಬರೆದಳು. ಮಾರನೇ ದಿನದಿಂದ ಬೆಲ್‌ಗೆ ಮುಂಚೆ ಕ್ಲಾಸಿನಲ್ಲಿ ಇದ್ದಳು.

ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ನನ್ನನ್ನ ಹೊಗಳಿದರು. ಶಿಸ್ತು ಅಂದರೆ ಹೀಗೆ ತರಬೇಕು, ಗಿರಿಜಾ ಮೇಡಂ ನೋಡಿ ಕಲಿಯಿರಿ ಅಂದರು. ಎಲ್ಲರೂ ಮೇಜು ಕುಟ್ಟಿದರು. ನನ್ನ ಇಡೀ ನೌಕರಿಯಲ್ಲಿ ಮೇಲಿನವರಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ. ಇವತ್ತಿಗೂ ಅದನ್ನ ನೆನೆದರೆ ಮೈ ಉರಿಯುತ್ತೆ.

ಒಂದೆರಡು ವಾರ ಕಳೆದಿರಬೇಕು. ಗೇಟಿನಲ್ಲಿ ವಾಚ್‌ಮನ್ ಒಬ್ಬರಿದ್ದರು, ವಯಸ್ಸಾದವರು, ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಅಂತಲೇ ಕರೆಯುತ್ತಿದ್ದದ್ದು. ಮಾತು ಕಡಿಮೆ. ಒಂದು ಬೆಳಗ್ಗೆ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಕೇಳಿದರು, "ಟೀಚರೇ, ಆ ಕುಟ್ಟಿಗೆ ಓಡೋದನ್ನ ಯಾಕೆ ನಿಲ್ಲಿಸಿದ್ರಿ?"

ಯಾವ ಮಗು ಅಂದೆ. ಎರಡು ಜಡೆಯ ಹುಡುಗಿ ಅಂದರು. ಆ ಹುಡುಗಿ ಯಾವತ್ತೂ ಲೇಟಾಗಿ ಬಂದವಳೇ ಅಲ್ಲವಂತೆ. ಕರಮನ ಅನ್ನೋ ಬಡಾವಣೆಯ ಕಡೆಯಿಂದ ಮೊದಲ ಬಸ್ಸಿಗೆ ಬಂದು ಇಳಿಯುತ್ತಿದ್ದಳಂತೆ, ಎಲ್ಲರಿಗಿಂತ ಮುಂಚೆ. ಇಳಿದು ಎದುರಿನ ಚಾಯದ ಅಂಗಡಿಯ ಹಿಂದೆ ಚೀಲ ಅಪ್ಪಿಕೊಂಡು ನಿಲ್ಲುತ್ತಿದ್ದಳಂತೆ. ಬೆಲ್ ಹೊಡೆದು ಗೇಟು ಮುಚ್ಚಿದಮೇಲೆ ಅಲ್ಲಿಂದ ಹೊರಟು ಬರುತ್ತಿದ್ದಳಂತೆ. ನಾನು ಅವಳನ್ನ ಓಡಿಸಲಿ ಅಂತ.

 ಯಾಕೆ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ, ನನಗೇ ಗೊತ್ತಿತ್ತು. ಎಂಟನೇ ಕ್ಲಾಸಿನ ಎರಡೂ ಪಿ.ಟಿ. ಪೀರಿಯಡ್‌ಗಳನ್ನ ಗಣಿತದ ಮೇಷ್ಟರು, ಅಲ್ಲಿನ ಮಾತಿನಲ್ಲಿ ಮಾಷ್, ಜೂನ್‌ನಿಂದಲೇ ತೆಗೆದುಕೊಂಡಿದ್ದರು. ಪೋರ್ಷನ್ ಮುಗಿಸಬೇಕು ಅಂತ ಬಂದು ಕೇಳಿದ್ದರು, ನಾನು ತಲೆಯಾಡಿಸಿದ್ದೆ. ನನಗೂ ಆ ಹೊತ್ತು ಫ್ಯಾನಿನ ಕೆಳಗೆ ಕೂರೋಕೆ ಸಿಗುತ್ತಿತ್ತಲ್ಲ. ಉಳಿದದ್ದು ಆಮೇಲೆ ಅವಳ ಅಮ್ಮನಿಂದ ತಿಳಿಯಿತು: ಸಂಜೆ ಅವಳಿಗೆ ಟ್ಯೂಷನ್. ಮನೆ ಹತ್ತಿರ ಬಯಲಿಲ್ಲ, ರಸ್ತೆಯಲ್ಲಿ ಹೆಣ್ಣುಮಗು ಓಡಿದರೆ ಅಜ್ಜಿ ಬಯ್ಯುತ್ತಾರೆ. ಆ ಮಗುವಿಗೆ ಇಡೀ ದಿನದಲ್ಲಿ ಓಡೋಕೆ ಇದ್ದ ಒಂದೇ ದಾರಿ ನನ್ನ ಶಿಕ್ಷೆ. ಅದನ್ನ ಹುಡುಕಿಕೊಂಡಿದ್ದಳು. ನಾನು ಅದನ್ನೂ ಕಿತ್ತುಕೊಂಡು, ಮೀಟಿಂಗಿನಲ್ಲಿ ಮೇಜು ಕುಟ್ಟಿಸಿಕೊಂಡು ಬಂದಿದ್ದೆ. ಥೂ.

ಅವತ್ತೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಎಂಟನೇ ಕ್ಲಾಸಿನ ಪೀರಿಯಡ್ ವಾಪಸ್ ಬೇಕು ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮ ಸಬ್ಜೆಕ್ಟಿಗೆ ಪರೀಕ್ಷೆ ಇದೆಯಾ ಮೇಡಂ ಅಂದರು. ಇಲ್ಲ ಅಂದೆ. ಗಣಿತಕ್ಕೆ ಇದೆ ಅಂದರು. ಮಾತು ಮುಗಿಯಿತು. ಕಾರಿಡಾರಿನಲ್ಲಿ ಗಣಿತದ ಮಾಷ್ ಸಿಕ್ಕಾಗ ನಾನು ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಕನ್ನಡದಲ್ಲಿ ಬೈದೆ, ಅವರಿಗೆ ಅರ್ಥ ಆಗಲಿಲ್ಲ. ಅದೊಂದು ಪುಣ್ಯ.

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ನಾಳೆಯಿಂದ ಲೇಟಾಗಿ ಬಾ ಮಗಳೇ ಅಂದಿದ್ದರೆ ಸಾಕಾಗಿತ್ತು. ಆದರೆ ನಾನು ತಪ್ಪು ತಿದ್ದಿಕೊಳ್ಳೋಕೆ ಹೊರಟೆ. ತಪ್ಪು ಮಾಡಿದ ಟೀಚರಿಗಿಂತ ತಿದ್ದಿಕೊಳ್ಳೋಕೆ ಹೊರಟ ಟೀಚರ್ ಹೆಚ್ಚು ಅಪಾಯ, ನವ್ಯಾ. ಇವಳನ್ನ ಚಾಂಪಿಯನ್ ಮಾಡ್ತೀನಿ, ಕಪ್ ತಂದು ಪ್ರಿನ್ಸಿಪಾಲರ ಮೇಜಿನ ಮೇಲೆ ಇಡ್ತೀನಿ, ಆಗ ಯಾರು ಪೀರಿಯಡ್ ಕೊಡಲ್ಲ ನೋಡ್ತೀನಿ ಅಂತ ಹಟ ಹಿಡಿದೆ. ಹುಡುಗಿಯ ಕಾಲು, ನನ್ನ ಹಟ.

ದೇವಿಕಾಳ ಅಮ್ಮನನ್ನ ಒಪ್ಪಿಸಿದೆ. ಶಾಲೆಗೆ ಮುಂಚೆ ದಿನಾ ಪ್ರಾಕ್ಟೀಸ್. ನಾನೇ ಶೂ ಕೊಡಿಸಿದೆ. ಸ್ಟಾಪ್‌ವಾಚ್ ತಂದೆ. ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ, ಇವತ್ತು ಎಷ್ಟು, ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ. ಚಾಯದ ಅಂಗಡಿಯ ಪಳಂಪೊರಿ ಅಂದರೆ ಅವಳಿಗೆ ಪ್ರಾಣ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣು ತಿಂದರೆ ಓಡೋಕಾಗಲ್ಲ ಅಂತ ನಿಲ್ಲಿಸಿದೆ. ಗೆಳತಿ ಒಬ್ಬಳು ಜೊತೆಗೆ ಓಡೋಕೆ ಬರುತ್ತಿದ್ದಳು, ಮಾತಾಡುತ್ತಾ ಓಡುತ್ತಾರೆ ಅಂತ ಅವಳನ್ನ ಕಳಿಸಿದೆ. ಮೊದಮೊದಲು ದೇವಿಕಾ ಮೂರನೇ ಸುತ್ತಿನಲ್ಲಿ ಆ ಹಳೇ ನಗು ನಗುತ್ತಿದ್ದಳು. ಉಸಿರು ವ್ಯರ್ಥ ಮಾಡಬೇಡ, ನಗೋದೆಲ್ಲ ಗೆದ್ದಮೇಲೆ ಅಂದೆ.

ಮಳೆಗಾಲ ಮುಗಿದಮೇಲೆ ಸುತ್ತಮುತ್ತಲಿನ ಶಾಲೆಗಳ ಕ್ರೀಡಾಕೂಟ. ಎಂಟುನೂರು ಮೀಟರಿನಲ್ಲಿ ಅವಳು ಮುಂದಿದ್ದಳು. ಕೊನೆಯ ತಿರುವಿನಲ್ಲಿ ಗ್ಯಾಲರಿಯಿಂದ ಆ ಗೆಳತಿ ಹೆಸರು ಕೂಗಿದಳು. ದೇವಿಕಾ ತಿರುಗಿ ಕೈ ಬೀಸಿದಳು. ಅಷ್ಟರಲ್ಲಿ ಇನ್ನೊಬ್ಬಳು ಹುಡುಗಿ ದಾಟಿಕೊಂಡು ಹೋದಳು. ಇವಳು ಎರಡನೆಯವಳಾಗಿ ಬಂದು, ಏದುಸಿರು ಬಿಡುತ್ತಾ, ಮುಖ ತುಂಬ ಖುಷಿ ಇಟ್ಟುಕೊಂಡು ನನ್ನ ಹತ್ತಿರ ಓಡಿ ಬಂದಳು. ನಾನು ಸ್ಟಾಪ್‌ವಾಚ್ ಅವಳ ಮುಖಕ್ಕೆ ಹಿಡಿದು, ಕೈ ಬೀಸೋಕೆ ಬಂದಿದ್ದೀಯಾ ಇಲ್ಲಿ ಅಂತ ಕೇಳಿದೆ.

ಮಾರನೇ ಬೆಳಗ್ಗೆ ಅವಳು ಪ್ರಾಕ್ಟೀಸಿಗೆ ಬರಲಿಲ್ಲ. ಬೆಲ್‌ಗೆ ಮುಂಚೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಶೂಗಳನ್ನ ಒರೆಸಿ ಪೇಪರಿನಲ್ಲಿ ಸುತ್ತಿ ತಂದಿದ್ದಳು.

"ವೇಂಡ ಟೀಚರ್," ಅಂದಳು. ಬೇಡ ಅಂತ, ಅಷ್ಟೆ.

ಕೂರಿಸಿ ಕೇಳಿದೆ, ಗದರಿಸಿ ಕೇಳಿದೆ, ಮುದ್ದಿನಿಂದಲೂ ಕೇಳಿದೆ. ಕೊನೆಗೆ ಹೇಳಿದಳು, "ಮೊದಲು ಶಿಕ್ಷೆ ಆಗಿದ್ದಾಗ ಚೆನ್ನಾಗಿತ್ತು ಟೀಚರ್."

ಶೂ ಮೇಜಿನ ಮೇಲೆ ಇಟ್ಟು ಕ್ಲಾಸಿಗೆ ಹೋದಳು. ನಾನು ಆ ಶಾಲೆಯಲ್ಲಿ ಇನ್ನೂ ಎರಡು ವರ್ಷ ಇದ್ದೆ, ಅವಳು ಓಡಿದ್ದನ್ನ ಮತ್ತೆ ನೋಡಲಿಲ್ಲ. ಲೇಟಾಗಿ ಬಂದದ್ದನ್ನೂ ನೋಡಲಿಲ್ಲ.

ಆಮೇಲೆ ಕೊಚ್ಚಿಗೆ ವರ್ಗ ಆಯ್ತು. ವಿಲ್ಲಿಂಗ್ಡನ್ ಐಲ್ಯಾಂಡ್ ಕಡೆಯ ಮಕ್ಕಳೇ ಜಾಸ್ತಿ ಇದ್ದ ಶಾಲೆ. ಅಪ್ಪ ಅಮ್ಮಂದಿರು ಬಂದರಿನವರು, ಕಸ್ಟಮ್ಸ್‌ನವರು, ನೇವಿಯವರು. ಕೆಲವರು ಬೋಟಿನಲ್ಲಿ ಬರುತ್ತಿದ್ದರು, ಬೋಟು ತಡವಾದರೆ ಮಕ್ಕಳು ತಡ. ಮೊದಲ ದಿನವೇ ಗೇಟು ಕಾಯೋ ಕೆಲಸ ನನ್ನದಲ್ಲ ಅಂದೆ. ಯಾವ ಮಗುವನ್ನೂ ಯಾವ ತಪ್ಪಿಗೂ ನಾನು ಓಡಿಸೋದಿಲ್ಲ, ನೀವು ಕಳಿಸಿದರೂ ಓಡಿಸೋದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿದೆ. ಕರ್ನಾಟಕದಿಂದ ಬಂದಿರೋ ಈಯಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅಂದುಕೊಳ್ಳಲಿ. ಪೀರಿಯಡ್ ಕೇಳೋಕೆ ಬಂದ ಯಾವ ಮಾಷ್‌ಗೂ ಒಂದು ನಿಮಿಷವನ್ನೂ ಕೊಡಲಿಲ್ಲ. ಅದರಿಂದ ನನಗೆ ಅಲ್ಲಿ ಸ್ನೇಹಿತರೂ ಆಗಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ. ಆಟ ಅಂದರೆ ನಾನು ಲಗೋರಿಯಿಂದ ಶುರು ಮಾಡಿದೆ. ಆದರೆ ಅಲ್ಲಿನ ಮಕ್ಕಳು ಕೆಲವೇ ವಾರದಲ್ಲಿ ಅದನ್ನ ಬಿಟ್ಟು ತಾವೇ ಒಂದು ಆಟ ಕಟ್ಟಿದರು. ಗ್ರೌಂಡಿನ ಒಂದು ತುದಿ ಹಡಗು, ಇನ್ನೊಂದು ತುದಿ ಗೋಡೌನ್. ಚೆಂಡು, ಚೀಲ, ಟಿಫಿನ್ ಡಬ್ಬಿ ಎಲ್ಲ ಸರಕು. ಅರ್ಧ ಜನ ಸರಕು ಸಾಗಿಸೋರು, ಅರ್ಧ ಜನ ಕಸ್ಟಮ್ಸ್. ಸಿಕ್ಕಿಬಿದ್ದರೆ ಸರಕು ಹಡಗಿಗೆ ವಾಪಸ್, ಮತ್ತೆ ಮೊದಲಿನಿಂದ. ಓಡು, ಬಗ್ಗು, ತಪ್ಪಿಸಿಕೋ, ಭಾರ ಎತ್ತು, ತಕ್ಷಣ ನಿಲ್ಲು, ಮತ್ತೆ ಓಡು. ನನ್ನ ಟ್ರೇನಿಂಗ್ ಪುಸ್ತಕದಲ್ಲಿ ಬೇರೆ ಬೇರೆ ಪಾಠವಾಗಿ ಇದ್ದದ್ದೆಲ್ಲ ಅದರೊಳಗೆ ಇತ್ತು. ಹೊಟ್ಟೆನೋವಿನ ಚೀಟಿ ತರುತ್ತಿದ್ದ ಒಬ್ಬ ದಪ್ಪ ಹುಡುಗನನ್ನ ಒಂದು ಇಡೀ ಪೀರಿಯಡ್ ಕಣ್ಣು ತೆಗೆಯದೆ ನೋಡಿದೆ. ಅವನು ಒಮ್ಮೆಯೂ ಕೂರಲಿಲ್ಲ. ಅವನಿಗೇ ಗ್ರೌಂಡ್ ಸುತ್ತು ಅಂದಿದ್ದರೆ ಅರ್ಧ ಸುತ್ತಿಗೆ ಮರ ಹುಡುಕುತ್ತಿದ್ದ.

ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೋ. ಔಟಾದವರು ಪಕ್ಕಕ್ಕೆ ಕೂರಬೇಕು ಅನ್ನೋ ಆಟ ಆಡಿಸಲೇಬೇಡ. ಮೊದಲು ಔಟಾಗೋನೇ ಎಲ್ಲರಿಗಿಂತ ಹೆಚ್ಚು ಓಡಬೇಕಾದವನು. ಅವನನ್ನ ಕೂರಿಸಿ, ಮೊದಲೇ ಚುರುಕಾಗಿರೋರನ್ನ ಓಡಿಸೋದು ಯಾವ ನ್ಯಾಯ? ಮತ್ತೆ, ಇನ್ನೂ ಬೇಕು ಇನ್ನೂ ಬೇಕು ಅಂತ ಕೂಗುವಾಗಲೇ ಆಟ ನಿಲ್ಲಿಸು, ಸಾಕಾಗಿ ಕೂತಮೇಲೆ ಅಲ್ಲ. ದೊಡ್ಡವರಿಗೂ ಅಷ್ಟೇ. ಹತ್ತನೇ ಕ್ಲಾಸಿನ ನನ್ನ ಓಟಗಾರರು ರಾಜ್ಯಮಟ್ಟಕ್ಕೆ ತಯಾರಾಗುವಾಗಲೂ ವಾರಕ್ಕೆ ಎರಡು ದಿನ ಕಸ್ಟಮ್ಸ್ ಆಟವೇ ಆಡಿದರು. ಸ್ಟಾಪ್‌ವಾಚ್ ಕೇಳಿದವರ ಕೈಗೇ ಕೊಡುತ್ತಿದ್ದೆ, ನಾನು ಹಿಡಿಯುತ್ತಿರಲಿಲ್ಲ.

ಒಂದು ವರ್ಷ ಇನ್‌ಸ್ಪೆಕ್ಷನ್‌ಗೆ ಒಬ್ಬ ಸಾಹೇಬರು ಬಂದರು. ಗ್ರೌಂಡಿನಲ್ಲಿ ಮಕ್ಕಳು ಕಿರುಚುತ್ತಾ ನಗುತ್ತಾ ಓಡುತ್ತಿದ್ದರು. ಒಬ್ಬ ಹುಡುಗನನ್ನ ಹಿಡಿದು ನಿಲ್ಲಿಸಿ ಇದು ಯಾವ ವ್ಯಾಯಾಮ ಅಂತ ಕೇಳಿದರು. ಅವನು ಟಿಫಿನ್ ಡಬ್ಬಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಕಳ್ಳಸಾಗಣೆ ಸರ್ ಅಂದ. ಸಾಹೇಬರಿಗೆ ನಗು ಬರಲಿಲ್ಲ. ಸಾಲು ಇಲ್ಲ, ಎಣಿಕೆ ಇಲ್ಲ, ಸೀಟಿ ಇಲ್ಲ, ಶಿಸ್ತಿನ ಕೊರತೆ ಎದ್ದು ಕಾಣುತ್ತಿದೆ ಅಂತ ವರದಿಯಲ್ಲಿ ಬರೆದರು. ತಿರುವನಂತಪುರದಲ್ಲಿ ಒಂದು ಮಗುವಿನ ನಗು ನಿಲ್ಲಿಸಿದ್ದಕ್ಕೆ ಮೇಜು ಕುಟ್ಟಿದ್ದರು, ಇಲ್ಲಿ ನಲವತ್ತು ಮಕ್ಕಳನ್ನ ನಗಿಸಿದ್ದಕ್ಕೆ ಮೆಮೋ ಕೊಟ್ಟರು. ಆ ಮೆಮೋವನ್ನ ನಾನು ಇನ್ನೂ ಇಟ್ಟುಕೊಂಡಿದ್ದೀನಿ.

ನಿವೃತ್ತಿಯಾದಮೇಲೆ ಪಾಲಾರಿವಟ್ಟಂನಿಂದ ಒಬ್ಬರು ಫೋನ್ ಮಾಡಿದರು. ಅಂಗಡಿಗಳ ಮೇಲಿನ ಮಹಡಿಯಲ್ಲಿ ಮಕ್ಕಳ ಫಿಟ್‌ನೆಸ್ ಸೆಂಟರ್ ತೆಗೆದಿದ್ದೀವಿ, ಎಲ್ಲಾ ಫನ್, ನಿಮ್ಮಂಥವರು ಬೇಕು ಅಂದರು. ಖುಷಿಯಿಂದಲೇ ಹೋದೆ, ಕೊನೆಗೂ ಕಾಲ ಬದಲಾಯ್ತು ಅಂತ. ಬಣ್ಣಬಣ್ಣದ ಮ್ಯಾಟು, ಜೋರು ಹಾಡು, ಗೋಡೆಯಲ್ಲೊಂದು ಪಟ್ಟಿ: ಈ ವಾರ ಯಾರು ಫಸ್ಟ್, ಯಾರು ಲಾಸ್ಟ್. ಐದಾರು ವರ್ಷದ ಮಕ್ಕಳವು! ಅಪ್ಪ ಅಮ್ಮಂದಿರ ಗುಂಪಿಗೆ ದಿನಾ ವಿಡಿಯೋ ಹೋಗಬೇಕು. ಮೂರನೇ ದಿನ ಒಂದು ಪುಟ್ಟ ಹುಡುಗಿ ನೆಲಕ್ಕೆ ಹಾಸಿದ ಏಣಿಯಂಥ ಪಟ್ಟಿಯ ಮೇಲೆ ಹಾರುತ್ತಾ ಎಡವಿ ಅತ್ತಳು. ಮಾಲೀಕ ವಿಡಿಯೋ ನಿಲ್ಲಿಸಿ, ಅವಳ ಮುಖ ಒರೆಸಿ, ಅವಳನ್ನ ಮತ್ತೆ ಏಣಿಯ ಮುಂದೆ ನಿಲ್ಲಿಸಿ, ನಗು ಮಗಳೇ, ಈಗ ನಗ್ತಾ ಹಾರು ಅಂದ. ಆ ಮಗು ಅಳುತ್ತಲೇ ಹಲ್ಲು ತೋರಿಸಿತು.

ನಾನು ಚಪ್ಪಲಿ ಹಾಕಿಕೊಂಡು ಇಳಿದು ಬಂದೆ. ಬರುವಾಗ ಅವನಿಗೆ ಹೇಳಿದ್ದನ್ನೂ ಇಲ್ಲಿ ಬರೆಯೋ ಹಾಗಿಲ್ಲ, ಈ ಸಲ ಮಲಯಾಳದಲ್ಲೇ ಹೇಳಿದೆ.

ಕಳೆದ ತಿಂಗಳು ದೇವಿಕಾ ಫೋನ್ ಮಾಡಿದಳು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ. ಈಗ ಕೊಚ್ಚಿಯಲ್ಲೇ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಶನಿವಾರ ನಾಲ್ಕಕ್ಕೆ ಬರ್ತೀನಿ ಟೀಚರ್ ಅಂದಳು. ನಾನು ಬೆಳಗ್ಗೆಯಿಂದ ಮನೆಯೊಳಗೆ ಓಡಾಡಿದೆ. ಇಷ್ಟು ವರ್ಷ ಮನಸ್ಸಿನಲ್ಲೇ ಉರು ಹೊಡೆದ ಮಾತುಗಳನ್ನ ಮತ್ತೆ ಮತ್ತೆ ಹೇಳಿಕೊಂಡೆ. ಪಳಂಪೊರಿ ಕರಿದೆ. ನಮ್ಮ ಮನೆಯವರು ತರಕಾರಿ ತರೋಕೆ ಇಳಿದವರು ವಾಪಸ್ ಬಂದು, ಕೆಳಗೆ ಸೆಕ್ಯೂರಿಟಿ ಹತ್ತಿರ ಒಬ್ಬ ಹೆಂಗಸು ಆಗಲಿಂದ ಕೂತಿದ್ದಾರೆ, ನಿನ್ನ ಹೆಸರೇ ಹೇಳ್ತಿದ್ದಾರೆ ಅಂದರು. ಬೇಗ ಬಂದುಬಿಟ್ಟಿದ್ದಳು. ಹೇಳಿದ ಹೊತ್ತು ಆಗಲಿ ಅಂತ ಕೆಳಗೇ ಕಾಯುತ್ತಿದ್ದಳು. ಸರಿಯಾಗಿ ನಾಲ್ಕಕ್ಕೆ ಬೆಲ್ ಆಯ್ತು.

ಎರಡು ಜಡೆ ಇಲ್ಲ, ಕೂದಲು ಕತ್ತರಿಸಿದ್ದಾಳೆ. ಮೈ ಸ್ವಲ್ಪ ತುಂಬಿಕೊಂಡಿದೆ. ಎರಡು ಮಹಡಿ ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಕೂರಿಸಿ, ಚಾಯ ಕೊಟ್ಟು, ಉರು ಹೊಡೆದದ್ದೆಲ್ಲ ಮರೆತುಹೋಗಿ, ನಿನ್ನ ಓಟವನ್ನ ನಾನೇ ಹಾಳು ಮಾಡಿದೆ, ಎರಡು ಸಲ ಹಾಳು ಮಾಡಿದೆ ಅಂದೆ. ಅವಳು, ಬಿಡಿ ಟೀಚರ್, ಚಿಕ್ಕವಳಿದ್ದಾಗಿನ ಮಾತು ಅಂದಳು. ಆಮೇಲೆ ಯಾವಾಗಲಾದರೂ ಓಡಿದೆಯಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿದಳು, ಬಸ್ಸಿಗೋ ಯಾವುದಕ್ಕೋ ಓಡಿರಬಹುದಾ ಅಂತ ನೆನಪು ಮಾಡಿಕೊಳ್ಳೋ ಹಾಗೆ. ಇಲ್ಲ ಅಂದಳು.

ಆಮೇಲೆ ನನ್ನ ಮುಖ ನೋಡಿ, ನನಗೆ ಸಮಾಧಾನ ಆಗಲಿ ಅಂತಲೇ ಇರಬೇಕು, ನನ್ನ ಕೈ ಹಿಡಿದುಕೊಂಡು ಹೇಳಿದಳು.

"ಆದರೆ ಅದಾದಮೇಲೆ ನಾನು ಒಂದು ದಿನವೂ ಎಲ್ಲಿಗೂ ಲೇಟಾಗಿಲ್ಲ ಟೀಚರ್. ಆಫೀಸಿನಲ್ಲಿ ಎಲ್ಲರಿಗೂ ನನ್ನನ್ನೇ ತೋರಿಸ್ತಾರೆ. ಅದು ನೀವು ಕಲಿಸಿದ್ದು. ಥ್ಯಾಂಕ್ಸ್ ಹೇಳೋಕೇ ಬಂದೆ."

ನಾನು ಪಳಂಪೊರಿ ತಟ್ಟೆ ಮುಂದಕ್ಕೆ ತಳ್ಳಿದೆ. ಎಣ್ಣೆಯಲ್ಲಿ ಕರಿದದ್ದು ಬಿಟ್ಟಿದ್ದೀನಿ ಅಂದಳು.

ಮೆಟ್ರೋಗೆ ಹೊರಡ್ತೀನಿ ಅಂತ ಎದ್ದಳು. ತ್ರಿಪ್ಪುಣಿತ್ತುರ ಕೊನೆಯ ಸ್ಟೇಷನ್, ಅಲ್ಲಿಂದಲೇ ಗಾಡಿ ಹೊರಡೋದು, ಒಂದು ಹೋದರೆ ಇನ್ನೊಂದು ಬರುತ್ತೆ, ಅವಸರ ಏನು ಅಂದೆ. ಅವಸರ ಇಲ್ಲ ಟೀಚರ್, ಹತ್ತು ನಿಮಿಷ ಮುಂಚೆ ಇದ್ದರೆ ಒಳ್ಳೇದಲ್ವಾ ಅಂದಳು.

ನವ್ಯಾ, ನಿನ್ನ ಶಾಲೆಯಲ್ಲೂ ಲೇಟಾಗಿ ಬಂದವರನ್ನ ನಿನ್ನ ಹತ್ತಿರ ಕಳಿಸ್ತಾರೆ. ಕ್ಲಾಸಿಗೆ ಹೋಗಿ ಅನ್ನು. ಬೇಕಾದರೆ ಬೈ, ಬರೆಸು, ಮನೆಗೆ ಚೀಟಿ ಕಳಿಸು. ಓಟಕ್ಕೆ ಮಾತ್ರ ಕೈ ಹಾಕಬೇಡ. ಯಾರಾದರೂ ಓಡುವಾಗ ನಕ್ಕರೆ ನಿನ್ನ ಸ್ಟಾಪ್‌ವಾಚ್ ಜೇಬಿಗೆ ಹಾಕಿ ಸುಮ್ಮನೆ ನಿಂತುಕೋ. ಇದನ್ನೇ ಟಿಪ್ಸ್ ಅಂತ ಬೇಕಾದರೆ ಬರೆದುಕೋ.

ಅವತ್ತು ಅವಳು ಇಳಿದು ಹೋದಮೇಲೆ ನಾನು ಬಾಲ್ಕನಿಗೆ ಬಂದು ನಿಂತೆ. ದೇವಿಕಾ ಗೇಟು ದಾಟಿ ರಸ್ತೆಗೆ ಇಳಿಯೋ ಹೊತ್ತಿಗೆ ಹೇಳದೆ ಕೇಳದೆ ಮಳೆ ಬಿತ್ತು. ಹೂವಿನ ಅಂಗಡಿಯವನು ಓಡಿದ, ಟ್ಯೂಷನ್ ಮುಗಿಸಿದ ಮಕ್ಕಳು ಚೀಲ ತಲೆ ಮೇಲಿಟ್ಟುಕೊಂಡು ಕೇಕೆ ಹಾಕುತ್ತಾ ಓಡಿದರು, ಸೀರೆ ಎತ್ತಿ ಹಿಡಿದುಕೊಂಡು ಒಬ್ಬ ಅಜ್ಜಿಯೂ ಓಡಿದರು. ದೇವಿಕಾ ನಿಂತಳು. ಬ್ಯಾಗಿನಿಂದ ಕೊಡೆ ತೆಗೆದಳು, ಬಿಚ್ಚಿದಳು, ರಸ್ತೆಯ ಅಂಚು ಹಿಡಿದು ನಡೆದುಕೊಂಡು ಹೋದಳು.